ಮಿಷನ್ ಶಾಲೆಯಲ್ಲಿ ಓದಿದ ಮಲೆನಾಡಿನ ಪುಟ್ಟಪ್ಪ

ನಮ್ಮ ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ ತಲುಪಿ, ಅಲ್ಲಿಂದ ಕೊಪ್ಪದ ರಸ್ತೆ ಹಿಡಿದರೆ ಕುಪ್ಪಳಿ ಸಿಗುತ್ತದೆ. ನಮ್ಮ ಧರ್ಮಕೇಂದ್ರಗಳ ಶಾಲಾ ಮಕ್ಕಳು ಪ್ರವಾಸಕ್ಕೆ ಹೊರಟಾಗ ಶೃಂಗೇರಿ ನೋಡಿ, ಕುಪ್ಪಳಿಯ ಕವಿಮನೆ ನೋಡಿ, ಕವಿಶೈಲದ ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚುವುದು ವಾಡಿಕೆ. ರಾಷ್ಟ್ರಕವಿ ಕುವೆಂಪು ಅವರ ಊರು ಕುಪ್ಪಳಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಹುಟ್ಟಿದ್ದು ಅಲ್ಲಲ್ಲ. 1904ರ ಡಿಸೆಂಬರ್ 29ರಂದು ತಾಯಿ ಸೀತಮ್ಮನವರ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿದರು. ಈ ಊರು ಇರುವುದು ಕೊಪ್ಪ ತಾಲೂಕಿನಲ್ಲಿ. ಕೊಪ್ಪದವರು ಕುವೆಂಪು ನಮ್ಮವರು ಎಂದು ಹೇಳಿಕೊಂಡರೆ ತೀರ್ಥಹಳ್ಳಿಯವರು ಮುನಿಸಿಕೊಳ್ಳಬೇಕಾಗಿಲ್ಲ. ಹೆರಿಗೆಗೆ ತಾಯಿಯ ಮನೆ, ಬದುಕಿಗೆ ತಂದೆಯ ಮನೆ ಎಂಬುದು ನಮ್ಮೆಲ್ಲರ ಮನೆಗಳ ಪದ್ಧತಿಯೇ ಅಲ್ಲವೇ?

ಕುವೆಂಪು ಅವರ ಬಗ್ಗೆ ಈ ಪುಟದಲ್ಲಿ ಏಕೆ ಬರೆಯಬೇಕು ಎಂದು ಕೆಲವು ಓದುಗರು ಕೇಳಬಹುದು. ಅವರು ಕ್ರೈಸ್ತರಲ್ಲ, ಆಗಲೂ ಇಲ್ಲ. ಆದರೆ ಅವರ ಪ್ರೌಢಶಾಲಾ ಶಿಕ್ಷಣ ನಡೆದದ್ದು ಮೈಸೂರಿನ ಒಂದು ಕ್ರೈಸ್ತ ಶಾಲೆಯಲ್ಲಿ, ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ವೆಸ್ಲಿಯನರು ನಮ್ಮ ಕಥೊಲಿಕ ಧರ್ಮಸಭೆಯವರಲ್ಲ, ಇಂಗ್ಲೆಂಡಿನಿಂದ ಬಂದ ಮೆಥಡಿಸ್ಟ್ ಪಂಥದವರು. ಹಾಗಿದ್ದರೂ ಶಾಲೆ ನಡೆಸುವ ನಮ್ಮ ಗುರುಗಳು, ಭಗಿನಿಯರು, ಶಿಕ್ಷಕರು ಈ ಒಬ್ಬ ವಿದ್ಯಾರ್ಥಿಯ ಕಥೆಯನ್ನು ತಿಳಿದಿರಬೇಕು ಎಂಬುದು ನಮ್ಮ ಅನಿಸಿಕೆ. ಕ್ರೈಸ್ತ ಶಾಲೆಯೊಂದು ತನ್ನವನಲ್ಲದ ಮಗುವಿಗೆ ಏನು ಕೊಡುತ್ತದೆ, ಆ ಮಗು ದೊಡ್ಡವನಾಗಿ ಏನನ್ನು ಹಿಂದಿರುಗಿಸುತ್ತದೆ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಕನ್ನಡ ನಾಡಿನಲ್ಲಿ ಬೇರೆ ಸಿಗುವುದು ಕಷ್ಟ. ಹಿಂದಿರುಗಿ ಬಂದದ್ದೆಲ್ಲ ಸಿಹಿಯಾಗಿಯೇ ಇಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಅಂದಿನ ಮಲೆನಾಡನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ಆಗ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರಿರಲಿಲ್ಲ, ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ ಎನ್ನುತ್ತಿದ್ದರು. ಶೃಂಗೇರಿ ಮಠದ ಜಹಗೀರು. ಇಂದಿನ ನರಸಿಂಹರಾಜಪುರಕ್ಕೆ ಎಡೇಹಳ್ಳಿ ಎಂದು ಹೆಸರಿತ್ತು. ಮೈಸೂರಿನ ಯುವರಾಜರ ಹೆಸರು ಅದಕ್ಕೆ ಬಂದದ್ದು ಅನಂತರ. ಶೃಂಗೇರಿಯನ್ನು ಬಳಸಿ ಬರುವ ತುಂಗೆ ಹರಿಹರಪುರದ ಮೇಲೆ ತೀರ್ಥಹಳ್ಳಿಗೆ ಹೋಗುತ್ತಾಳೆ, ಬಾಳೆಹೊನ್ನೂರಿನ ಕಡೆ ಭದ್ರೆ ಹರಿಯುತ್ತಾಳೆ. ಈ ಎರಡು ನದಿಗಳ ನಡುವೆ ಕಾಡು, ಅಡಿಕೆ ತೋಟ, ಗದ್ದೆ, ದೂರ ದೂರಕ್ಕೆ ಒಂಟಿ ಮನೆಗಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪಕ್ಕದ ಮನೆಗೂ ದಾರಿಯಿಲ್ಲ. ಘಟ್ಟದ ಕೆಳಗಿನಿಂದ, ಅಂದರೆ ನಮ್ಮ ದಕ್ಷಿಣ ಕನ್ನಡದಿಂದ, ಕೂಲಿಗಾಗಿ ಜನ ಸೇರೆಗಾರರ ಜೊತೆ ಹತ್ತಿ ಹೋಗುತ್ತಿದ್ದರು. ನಮ್ಮ ಎಷ್ಟೋ ಕೊಂಕಣಿ ಕಥೊಲಿಕ ಕುಟುಂಬಗಳು ಕಾಫಿ ತೋಟಗಳ ಕೆಲಸಕ್ಕೆಂದು ಚಿಕ್ಕಮಗಳೂರಿನ ಕಡೆ ಹೋಗಿ ಅಲ್ಲೇ ನೆಲೆನಿಂತದ್ದೂ ಇದೇ ಘಾಟಿಗಳ ದಾರಿಯಲ್ಲಿ.

ಇಂಥಲ್ಲಿ ಒಕ್ಕಲಿಗರ ಮನೆಯ ಹುಡುಗನಿಗೆ ಅಕ್ಷರ ಸಿಗುವುದು ಸುಲಭವಿರಲಿಲ್ಲ. ಶಾಸ್ತ್ರ, ಸಂಸ್ಕೃತ, ಪಾಠಶಾಲೆ ಎಲ್ಲವೂ ಮಠ ಮತ್ತು ಅಗ್ರಹಾರಗಳ ಒಳಗೆ. ಶೂದ್ರರಿಗೆ ವಿದ್ಯೆ ಬೇಡವೆಂದು ಶತಮಾನಗಳಿಂದ ಬಾಗಿಲು ಹಾಕಿಟ್ಟಿದ್ದರು ಎಂಬುದನ್ನು ಕುವೆಂಪು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎತ್ತಿದ್ದಾರೆ. ಕುಪ್ಪಳಿಯ ವೆಂಕಟಪ್ಪಗೌಡರ ಮನೆ ಅನುಕೂಲವಂತರ ಮನೆ. ಆದ್ದರಿಂದ ಮನೆಯಲ್ಲೇ ಪಾಠ ಹೇಳಲು ಒಬ್ಬ ಐಗಳನ್ನು ಇಟ್ಟುಕೊಂಡರು. ಆ ಐಗಳು ಬಂದದ್ದು ದಕ್ಷಿಣ ಕನ್ನಡದಿಂದ ಎಂಬುದು ನಮ್ಮ ಕರಾವಳಿಯವರು ಹೆಮ್ಮೆಪಡಬಹುದಾದ ಸಂಗತಿ. ಕನ್ನಡಕ್ಕೆ ಎರಡು ಮಹಾಕಾದಂಬರಿ, ಒಂದು ಮಹಾಕಾವ್ಯ ಕೊಟ್ಟ ಕೈಗೆ ಅಕ್ಷರ ತಿದ್ದಿಸಿದವರು ಘಟ್ಟದ ಕೆಳಗಿನವರು!

ಮುಂದೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಹೆಸರೇ ಹೇಳುವಂತೆ ಇಂಗ್ಲಿಷ್ ಮತ್ತು ದೇಶಭಾಷೆ ಎರಡನ್ನೂ ಕಲಿಸುವ ಮಾಧ್ಯಮಿಕ ಶಾಲೆ. ಹುಡುಗನಿಗೆ ಹನ್ನೆರಡು ವರ್ಷವಾದಾಗ ತಂದೆ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. ತೀರ್ಥಹಳ್ಳಿಯ ಓದು ಮುಗಿದ ಮೇಲೆ ಪುಟ್ಟಪ್ಪ ಮೈಸೂರಿಗೆ ಹೊರಟರು.

ಅವರು ಮೈಸೂರು ಸೇರಿದ ಕಾಲವೂ ಮುಖ್ಯವಾದದ್ದೇ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿವೆ ಎಂಬ ಕೂಗು ಎದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ಸಮಿತಿ ನೇಮಿಸಿದರು. ಹಿಂದುಳಿದ ವರ್ಗಗಳಿಗೆ ಶಿಕ್ಷಣದಲ್ಲಿ ಮತ್ತು ನೌಕರಿಯಲ್ಲಿ ಅವಕಾಶ ಕೊಡಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಅಂದರೆ ಬಾಗಿಲು ಸ್ವಲ್ಪವೇ ತೆರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಈ ಹುಡುಗ ಮಲೆನಾಡಿನಿಂದ ಇಳಿದು ಬಂದಿದ್ದರು. ಆದರೆ ಮಿಷನ್ ಶಾಲೆಯ ಬಾಗಿಲು ಇಂಥ ಸಮಿತಿಗಳಿಗೂ ಎಷ್ಟೋ ಮೊದಲೇ ತೆರೆದಿತ್ತು.

ಆ ಶಾಲೆಯ ಬಗ್ಗೆ ನಾಲ್ಕು ಮಾತು. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸಂಸ್ಥಾನಕ್ಕೆ ಬಂದದ್ದು 19ನೆಯ ಶತಮಾನದ ಮೊದಲ ಭಾಗದಲ್ಲಿ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೇಗೋ, ಮೈಸೂರು ಸೀಮೆಯಲ್ಲಿ ಇವರು ಹಾಗೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ವೆಸ್ಲಿಯನರು ಮೈಸೂರಿನಲ್ಲಿ ಮುದ್ರಣಾಲಯ ಇಟ್ಟು 'ವೃತ್ತಾಂತ ಪತ್ರಿಕೆ' ಎಂಬ ಕನ್ನಡ ವಾರಪತ್ರಿಕೆ ನಡೆಸಿದರು. ಅವರು 1906ರಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಹೆಣ್ಣುಮಕ್ಕಳಿಗೆ ಶಾಲೆ, ಅನಾಥರಿಗೆ ಆಶ್ರಯ, ಗಂಡುಮಕ್ಕಳಿಗೆ ಇಂಗ್ಲಿಷ್ ಶಾಲೆ, ಹೀಗೆ ಒಂದೊಂದಾಗಿ ಬೆಳೆದವು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ರಚನೆಯಾದಾಗ ಇವರೂ ಅದರಲ್ಲಿ ಸೇರಿದರು. ಮೈಸೂರಿನಲ್ಲಿ ಹಾರ್ಡ್‌ವಿಕ್ ಎಂಬ ಹೆಸರಿನಿಂದ ಪರಿಚಿತವಾದ ಪ್ರೌಢಶಾಲೆ ಈ ಪರಂಪರೆಯದೇ.

ಮಿಷನ್ ಶಾಲೆಗಳ ಪದ್ಧತಿ ಎಲ್ಲೆಡೆ ಸುಮಾರು ಒಂದೇ. ಸರ್ಕಾರದ ಅನುದಾನ ಬರುತ್ತಿತ್ತು, ಸರ್ಕಾರದ ಪರೀಕ್ಷೆಗೇ ಮಕ್ಕಳನ್ನು ಕೂರಿಸುತ್ತಿದ್ದರು, ಜೊತೆಗೆ ಬೈಬಲ್ ಪಾಠವೂ ಇರುತ್ತಿತ್ತು. ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಇಷ್ಟು ಮಕ್ಕಳು ವರ್ಷಗಟ್ಟಲೆ ಬೈಬಲ್ ಕೇಳುತ್ತಾರೆ, ದೀಕ್ಷಾಸ್ನಾನಕ್ಕೆ ಬರುವವರು ಬೆರಳೆಣಿಕೆ, ಹಾಗಾದರೆ ಇಷ್ಟು ಹಣ ಏಕೆ ಎಂಬ ಪ್ರಶ್ನೆ ಮಿಷನರಿಗಳ ಒಳಗೇ ಆಗಾಗ ಏಳುತ್ತಿತ್ತು. ಆ ಲೆಕ್ಕದ ಪುಸ್ತಕದಲ್ಲಿ ಪುಟ್ಟಪ್ಪನ ಹೆಸರು ನಷ್ಟದ ಪಟ್ಟಿಗೇ ಸೇರುತ್ತಿತ್ತು. ನಮ್ಮ ಶಾಲೆಗಳ ಸಭೆಗಳಲ್ಲಿಯೂ ಈ ಪ್ರಶ್ನೆ ಬೇರೆ ವೇಷದಲ್ಲಿ ಬರುವುದನ್ನು ನಾವು ಕೇಳಿದ್ದೇವೆ. ನಮ್ಮ ಮಕ್ಕಳು ಎಷ್ಟು, ಹೊರಗಿನವರು ಎಷ್ಟು ಎಂದು.

ಹುಡುಗ ಮಾತ್ರ ಓದಿನಲ್ಲಿ ಮುಳುಗಿದ್ದರು. ಇಂಗ್ಲಿಷ್ ಕವಿಗಳು ಅವರನ್ನು ಹಿಡಿದುಬಿಟ್ಟರು. ವರ್ಡ್ಸ್‌ವರ್ತ್ ಓದಿದಾಗ ತನ್ನ ಮಲೆನಾಡಿನ ಬೆಟ್ಟ, ಹಕ್ಕಿ, ಸೂರ್ಯೋದಯಗಳ ಬಗ್ಗೆಯೂ ಹೀಗೆ ಬರೆಯಬಹುದೆಂದು ತೋಚಿದ್ದು ಸಹಜ. ಇಂಗ್ಲಿಷಿನಲ್ಲೇ ಪದ್ಯ ಕಟ್ಟತೊಡಗಿದರು. ಇನ್ನೂ ಹೈಸ್ಕೂಲಿನಲ್ಲಿರುವಾಗಲೇ, 1922ರಲ್ಲಿ, 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕ ಅಚ್ಚಾಯಿತು. ಮಿಷನ್ ಶಾಲೆಯ ದೃಷ್ಟಿಯಿಂದ ಇದು ದೊಡ್ಡ ಗೆಲುವು ಎನ್ನಬೇಕು. ಕುಪ್ಪಳಿಯ ಕಾಡಿನಿಂದ ಬಂದ ಹುಡುಗ ಇಂಗ್ಲಿಷ್ ಕವಿ!

ಆಗ ನಡೆದದ್ದೇ ಎಲ್ಲರೂ ಬಲ್ಲ ಜೇಮ್ಸ್ ಕಸಿನ್ಸ್ ಪ್ರಸಂಗ. ಕಸಿನ್ಸ್ ಐರ್ಲೆಂಡಿನ ಕವಿ, ಥಿಯೊಸಾಫಿಕಲ್ ಸೊಸೈಟಿಯವರು, ಅನಿಬೆಸೆಂಟರ ಜೊತೆ ಕೆಲಸ ಮಾಡಲು ಭಾರತಕ್ಕೆ ಬಂದವರು. 1924ರಲ್ಲಿ ಅವರು ಮೈಸೂರಿಗೆ ಬಂದಾಗ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಹೋದರು. ಮೆಚ್ಚುಗೆಯ ನಿರೀಕ್ಷೆಯಲ್ಲಿದ್ದ ಹುಡುಗನಿಗೆ ಸಿಕ್ಕಿದ್ದು ಒಂದು ಪ್ರಶ್ನೆ: ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ ಎಂದು. ಮೈಮೇಲೆ ಸ್ವದೇಶಿ ಬಟ್ಟೆ, ಕೈಯಲ್ಲಿ ಪರದೇಶಿ ಪದ್ಯ. ಹುಡುಗನಿಗೆ ಸಿಟ್ಟು ಬಂತು. ಹೊಸ ಭಾವನೆಗಳನ್ನು ಹೇಳುವ ಶಕ್ತಿ ಕನ್ನಡಕ್ಕೆ ಇಲ್ಲ ಎಂಬ ನಂಬಿಕೆ ಆಗ ಅವರಲ್ಲಿ ಗಟ್ಟಿಯಾಗಿತ್ತು. ಆದರೆ ಆ ಪ್ರಶ್ನೆ ಬಿಡಲಿಲ್ಲ. ಅದಾದ ಮೇಲೆ ಅವರು ಕನ್ನಡಕ್ಕೆ ತಿರುಗಿದರು, ಮತ್ತೆ ಹಿಂದೆ ನೋಡಲಿಲ್ಲ. ಐರ್ಲೆಂಡಿನವರು ಇಂಗ್ಲಿಷರ ಕೈಯಲ್ಲಿ ತಮ್ಮ ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡ ಜನ. ಕಸಿನ್ಸ್ ಆ ಪ್ರಶ್ನೆ ಕೇಳಿದ್ದರಲ್ಲಿ ಆ ನೋವೂ ಇದ್ದಿರಬಹುದೆಂದು ನಮಗನ್ನಿಸುತ್ತದೆ.

ಹಾಗೆಂದು ಶಾಲೆ ಕೊಟ್ಟದ್ದೇನೂ ವ್ಯರ್ಥವಾಗಲಿಲ್ಲ. ನಮ್ಮ ಮಕ್ಕಳು ಬಾಯಿಪಾಠ ಮಾಡುವ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮೂಲದಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಹ್ಯಾಮೆಲಿನ್ ಊರಿನ ಕಥೆ. ಜರ್ಮನಿಯ ಇಲಿಗಳು ಕನ್ನಡದಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದರೆ ಅವು ಹೊರಗಿನವು ಎಂದು ಮಕ್ಕಳಿಗೆ ಹೇಳಿದರೂ ನಂಬುವುದಿಲ್ಲ. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ಅವರ ಕೈಯಲ್ಲಿ 'ರಕ್ತಾಕ್ಷಿ'ಯಾಯಿತು, 'ಟೆಂಪೆಸ್ಟ್' 'ಬಿರುಗಾಳಿ'ಯಾಯಿತು. 1928ರ 'ಜಲಗಾರ' ನಾಟಕದಲ್ಲಿ ಬೀದಿ ಗುಡಿಸುವವನ ಬಳಿಗೆ ಶಿವನು ತಾನೂ ಜಾಡಮಾಲಿಯ ವೇಷದಲ್ಲಿ ಬರುತ್ತಾನೆ. ಶಿಷ್ಯರ ಕಾಲು ತೊಳೆದ ಯೇಸುಸ್ವಾಮಿಯನ್ನು ಬಲ್ಲ ನಮಗೆ ಆ ದೃಶ್ಯ ಪರಿಚಿತವೆನಿಸುತ್ತದೆ. ಆದರೆ ಇದು ಬೈಬಲಿನಿಂದಲೇ ಬಂತು ಎಂದು ನಾವು ವಾದಿಸಹೊರಟರೆ ಅದು ಕುವೆಂಪು ಅವರಿಗೆ ಮಾಡುವ ಅನ್ಯಾಯ. ಅವರ ಆಧ್ಯಾತ್ಮಿಕ ಬೇರು ಇರುವುದು ರಾಮಕೃಷ್ಣ ಪರಮಹಂಸರಲ್ಲಿ, ವಿವೇಕಾನಂದರಲ್ಲಿ, ಮುಂದೆ ಅರವಿಂದರಲ್ಲಿ. ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯದಲ್ಲಿ ಸುಮಾರು ಹತ್ತು ವರ್ಷ ಇದ್ದವರು ಅವರು. 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆಯನ್ನೂ ಪಡೆದರು.

ಅದೇ 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರಾದರು. ಅನಂತರದ ಬದುಕು ಪಠ್ಯಪುಸ್ತಕಗಳಲ್ಲಿದೆ, ಬೇಗ ಹೇಳಿ ಮುಗಿಸುತ್ತೇವೆ. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು, 1937ರಲ್ಲಿ ಹೇಮಾವತಿಯವರೊಡನೆ ವಿವಾಹ, 1946ರಲ್ಲಿ ಮತ್ತೆ ಮೈಸೂರಿಗೆ ಪ್ರಾಧ್ಯಾಪಕರಾಗಿ, 1955ರಲ್ಲಿ ಪ್ರಿನ್ಸಿಪಾಲರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ಆ ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದವರಲ್ಲಿ ಮೊದಲಿಗರು. ಮಾನಸಗಂಗೋತ್ರಿ ಅವರ ಕನಸು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ರಾಷ್ಟ್ರಕವಿ ಬಿರುದು. 1967ರ ಜ್ಞಾನಪೀಠ ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆ ಹಂಚಿಕೆಯಾಗಿ ಬಂತು. ಕನ್ನಡಕ್ಕೆ ಅದೇ ಮೊದಲ ಜ್ಞಾನಪೀಠ.

ಆ ಪ್ರಶಸ್ತಿ ತಂದ 'ಶ್ರೀ ರಾಮಾಯಣ ದರ್ಶನಂ' 1949ರಲ್ಲಿ ಬೆಳಕು ಕಂಡದ್ದು. 22,000ಕ್ಕೂ ಹೆಚ್ಚು ಸಾಲುಗಳ ಈ ಕಾವ್ಯವನ್ನು ನಮ್ಮ ಓದುಗರಲ್ಲಿ ಪೂರ್ತಿ ಓದಿದವರು ಕಡಿಮೆ ಇರಬಹುದು. ನಾವೂ ಅಲ್ಲಲ್ಲಿ ಓದಿದವರೇ, ಸುಳ್ಳು ಹೇಳುವುದೇಕೆ? ಆದರೆ ಒಂದೆರಡು ಸಂಗತಿ ಹೇಳಲೇಬೇಕು. ಕಾವ್ಯದ ಆರಂಭದಲ್ಲಿ ಕವಿ ತಮ್ಮ ಹಿಂದಿನ ಮಹಾಕವಿಗಳಿಗೆ ನಮಿಸುತ್ತಾರೆ. ಆ ಸಾಲಿನಲ್ಲಿ ವ್ಯಾಸ, ಪಂಪ, ಕುಮಾರವ್ಯಾಸರ ಜೊತೆಗೆ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಇದ್ದಾರೆ. ಡಾಂಟೆ ಕಥೊಲಿಕ, ಮಿಲ್ಟನ್ ಪ್ಯೂರಿಟನ್. ಸ್ವರ್ಗ ನರಕ ಪಶ್ಚಾತ್ತಾಪಗಳನ್ನು ಹಾಡಿದ ಈ ಇಬ್ಬರು ಕ್ರೈಸ್ತ ಕವಿಗಳು ರಾಮಾಯಣದ ಹೊಸ್ತಿಲಲ್ಲಿ ಗೌರವ ಪಡೆದರು. ಮಿಲ್ಟನ್ನನ ಉದ್ದನೆಯ ಸಾಲುಗಳ ಓಟ ಕನ್ನಡದ ಮಹಾಛಂದಸ್ಸಿನಲ್ಲಿ ಕೇಳಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಕಥೆಯೊಳಗೆ ಹೋದರೆ, ಇಲ್ಲಿನ ರಾವಣ ಪಶ್ಚಾತ್ತಾಪದ ದಾರಿಗೆ ಬರುತ್ತಾನೆ. ಎಲ್ಲರೂ ಶಪಿಸುವ ಮಂಥರೆಗೂ ಕವಿಯ ಕರುಣೆ ಸಿಗುತ್ತದೆ. ಸೀತೆಯ ಅಗ್ನಿಪರೀಕ್ಷೆಯಲ್ಲಿ ರಾಮನೂ ಬೆಂಕಿಗೆ ಇಳಿಯುತ್ತಾನೆ. ಪಾಪಿ ಎಂದು ಯಾರನ್ನೂ ಹೊರಗೆ ನಿಲ್ಲಿಸದ ಕಾವ್ಯ ಇದು.

ಇನ್ನು ಸ್ವಲ್ಪ ಕಹಿಯಾದ ಭಾಗ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿ 19ನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ. ಗುತ್ತಿ, ತಿಮ್ಮಿ, ಅವರ ನಾಯಿ ಹುಲಿಯ, ಘಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ, ಪೀಂಚಲು, ಇವರೆಲ್ಲರ ನಡುವೆ ಜೀವರತ್ನಯ್ಯ ಎಂಬ ಪಾದ್ರಿಯೂ ಇದ್ದಾರೆ. ಪಾದ್ರಿ ಮಲೆನಾಡಿಗೆ ತರುವ ಬೈಸಿಕಲ್ಲನ್ನು ಕಂಡ ಜನ ಬೀಸುವ ಕಲ್ಲಿನ ಮೇಲೆ ಸವಾರಿ ಮಾಡುತ್ತಾರೆಂದು ಬೆರಗಾಗುತ್ತಾರೆ. ಬೆಟ್ಟಹಳ್ಳಿಯ ಗೌಡರ ಮಗ ದೇವಯ್ಯನಿಗೆ ಪಾದ್ರಿಯ ಸ್ನೇಹ, ಸೈಕಲ್ಲಿನ ಆಸೆ, ಕ್ರೈಸ್ತನಾಗುವ ಹಂಬಲ ಒಟ್ಟಿಗೇ ಹತ್ತುತ್ತವೆ. ಪಾದ್ರಿಯ ಮತಾಂತರದ ಉತ್ಸಾಹವನ್ನು ಕುವೆಂಪು ನಗೆಯಾಡದೆ ಬಿಟ್ಟಿಲ್ಲ. ಇದನ್ನು ಓದಿ ಮುಖ ಸಿಂಡರಿಸುವ ನಮ್ಮವರನ್ನು ನಾವು ಕಂಡಿದ್ದೇವೆ. ಆದರೆ ಇಡೀ ಕಾದಂಬರಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಜೀತ, ಮೈಲಿಗೆ, ಭೂತದ ಭಯ, ಜಾತಿಯ ಹಗೆ ಇವೆಲ್ಲ ಹೆಪ್ಪುಗಟ್ಟಿದ್ದ ಆ ಲೋಕಕ್ಕೆ ಹೊರಗಿನಿಂದ ಗಾಳಿ ಬಂದದ್ದು ಪಾದ್ರಿಯ ಶಾಲೆ ಮತ್ತು ಪುಸ್ತಕದ ದಾರಿಯಿಂದಲೂ ಹೌದು ಎಂಬುದನ್ನು ಲೇಖಕರು ಮುಚ್ಚಿಟ್ಟಿಲ್ಲ. ಮಿಷನ್ನನ್ನು ಅವರು ಹೊಗಳಲಿಲ್ಲ, ತೆಗಳಲಿಲ್ಲ. ಗೌಡರನ್ನೂ ಭಟ್ಟರನ್ನೂ ಕೂಲಿಯವರನ್ನೂ ನೋಡಿದ ಕಣ್ಣಿನಿಂದಲೇ ಪಾದ್ರಿಯನ್ನೂ ನೋಡಿದರು. ಮಿಷನ್ ಶಾಲೆಯ ಬೆಂಚಿನ ಮೇಲೆ ಕುಳಿತು ಬಂದವರಿಗೆ ಮಾತ್ರ ಇಂಥ ಸಲಿಗೆ ಸಾಧ್ಯವೇನೋ!

ಮುಂದೆ ಅವರ ವಿಚಾರಗಳು ಇನ್ನೂ ಹರಿತವಾದವು. ಪುರೋಹಿತಶಾಹಿಯ ವಿರುದ್ಧ ಅವರು ಆಡಿದ ಮಾತುಗಳು ಶೃಂಗೇರಿ ಸೀಮೆಯಲ್ಲಿ ಹುಟ್ಟಿದವರೊಬ್ಬರ ಬಾಯಲ್ಲಿ ಸಣ್ಣ ಮಾತಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಪುರೋಹಿತರಿಲ್ಲದೆ, ವರದಕ್ಷಿಣೆ ಆಡಂಬರಗಳಿಲ್ಲದೆ 'ಮಂತ್ರ ಮಾಂಗಲ್ಯ' ಕ್ರಮದಲ್ಲಿ ನಡೆಸಿದರು. ಒಂದು ಕವಿತೆಯಲ್ಲಂತೂ ದೇವಸ್ಥಾನವನ್ನಷ್ಟೇ ಅಲ್ಲ, ನಮ್ಮ ಇಗರ್ಜಿಯನ್ನೂ ಮಸೀದಿಯನ್ನೂ ಸೇರಿಸಿ ಎಲ್ಲದರಿಂದ ಈಚೆಗೆ ಬರುವಂತೆ ಯುವಜನರನ್ನು ಕರೆದರು. ನಾವು ಇದನ್ನು ಒಪ್ಪುವುದು ಸಾಧ್ಯವಿಲ್ಲ. ಆದರೆ ಇಗರ್ಜಿಯ ಮೆಟ್ಟಿಲಲ್ಲೂ ಮನೆತನ, ಅಂತಸ್ತು ನೋಡಿ ಮಾತಾಡಿಸುವ ನಮ್ಮ ಚಾಳಿಯನ್ನು ನೆನೆದರೆ ಆ ಕವಿತೆಗೆ ಸಿಟ್ಟಾಗುವ ಹಕ್ಕು ನಮಗೆ ಎಷ್ಟಿದೆ?

ಎಲ್ಲಕ್ಕಿಂತ ನೇರವಾಗಿ ನಮ್ಮ ಶಾಲೆಗಳಿಗೆ ತಾಗುವುದು ಅವರ ಭಾಷೆಯ ವಿಚಾರ. ಇಂಗ್ಲಿಷ್ ಮಿಷನ್ ಶಾಲೆಯಲ್ಲಿ ಓದಿ, ಇಂಗ್ಲಿಷಿನಲ್ಲೇ ಮೊದಲ ಪುಸ್ತಕ ಬರೆದ ಇವರೇ ಮುಂದೆ ಇಂಗ್ಲಿಷನ್ನು ಕಡ್ಡಾಯ ಮಾಡುವುದರ ದೊಡ್ಡ ವಿರೋಧಿಯಾದರು. ಇಂಗ್ಲಿಷ್ ಬೇಡವೆಂದಲ್ಲ. ಬೇಕಾದವರು ಕಲಿಯಲಿ, ಚೆನ್ನಾಗಿಯೇ ಕಲಿಯಲಿ, ಆದರೆ ಹಳ್ಳಿಯ ಬಡ ಮಕ್ಕಳನ್ನು ಆ ಒಂದು ಭಾಷೆಯ ಹೆಸರಿನಲ್ಲಿ ನಪಾಸು ಮಾಡಿ ಮನೆಗೆ ಕಳಿಸಬೇಡಿ ಎಂಬುದು ಅವರ ವಾದ. ಮಗುವಿನ ಶಿಕ್ಷಣ ತಾಯಿನುಡಿಯಲ್ಲೇ ನಡೆಯಬೇಕು ಎಂದು ಕೊನೆಯವರೆಗೂ ಹೇಳಿದರು. ಇಂದು ಮಲೆನಾಡಿನ ಪೇಟೆಗಳಲ್ಲೂ ನಮ್ಮ ಕರಾವಳಿಯಲ್ಲೂ ತಂದೆತಾಯಂದಿರು ಇಂಗ್ಲಿಷ್ ಮಾಧ್ಯಮಕ್ಕೆ ಸಾಲು ನಿಲ್ಲುತ್ತಾರೆ, ಕನ್ನಡ ಮಾಧ್ಯಮದ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿವೆ. ಸಾಲ ಮಾಡಿ ಫೀಸು ಕಟ್ಟುವ ತೋಟದ ಕೂಲಿಯವರಿಗೆ ಇಂಗ್ಲಿಷ್ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಪುಟ್ಟಪ್ಪನಿಗೂ ಬಾಗಿಲು ತೆರೆದದ್ದು ಇಂಗ್ಲಿಷ್ ಶಾಲೆಯೇ ಅಲ್ಲವೇ ಎಂದು ಅವರು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಅದೇ ಭಾಷೆಯಲ್ಲಿ ಮುಗ್ಗರಿಸಿ ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂರುವ ಮಗುವನ್ನು ನಮ್ಮ ಶಿಕ್ಷಕರೆಲ್ಲರೂ ಕಂಡಿದ್ದಾರೆ. ಕುವೆಂಪು ಮಾತಾಡಿದ್ದು ಆ ಮಗುವಿನ ಪರವಾಗಿ.

ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಎದ್ದು ನಿಂತು ಹಾಡುವ ನಾಡಗೀತೆ ಇವರದೇ ರಚನೆ. 2004ರಲ್ಲಿ ಸರ್ಕಾರ ಅದನ್ನು ಅಧಿಕೃತವಾಗಿ ನಾಡಗೀತೆ ಎಂದು ಘೋಷಿಸಿತು. ಕರ್ನಾಟಕವನ್ನು ಹಲವು ಧರ್ಮದವರ ತೋಟವಾಗಿ ಕಾಣುವ ಆ ಹಾಡಿನಲ್ಲಿ ಕ್ರೈಸ್ತರ ಹೆಸರೂ ಇದೆ. ಎಷ್ಟೋ ಸಲ ಹಾಡಿದರೂ ಇದನ್ನು ಗಮನಿಸದವರು ಇನ್ನು ಮುಂದೆ ಗಮನಿಸಬಹುದು. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ 1987ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯಕ್ಕೆ 'ಕುವೆಂಪು' ಎಂದು ಹೆಸರಿಟ್ಟರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವಿ ಕಾಲೇಜುಗಳ ಮಕ್ಕಳು ಪಡೆಯುವ ಪ್ರಮಾಣಪತ್ರದ ಮೇಲೆ ಇರುವುದೂ ಆ ಹೆಸರೇ. ಒಂದು ಕಾಲಕ್ಕೆ ಅಕ್ಷರವೇ ದೂರವಿದ್ದ ಸೀಮೆಯಲ್ಲಿ ಇಂದು ಪದವಿಗೆ ಕುವೆಂಪು ಮುದ್ರೆ!

1992ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ರತ್ನ ಪ್ರಶಸ್ತಿ ನೀಡಿತು. ಮೈಸೂರಿನ ಒಂಟಿಕೊಪ್ಪಲಿನ 'ಉದಯರವಿ' ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದ ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡರು. ಪಾರ್ಥಿವ ಶರೀರವನ್ನು ಕುಪ್ಪಳಿಗೆ ತಂದು ಕವಿಶೈಲದಲ್ಲಿ ಅಂತ್ಯಸಂಸ್ಕಾರ ಮಾಡಲಾಯಿತು. ಕವಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಚೆನ್ನಾಗಿ ನೋಡಿಕೊಳ್ಳುತ್ತಿದೆ. ಈ ಸಲ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಸಮಯವಿದ್ದರೆ ಬಸ್ಸನ್ನು ಹಿರೇಕೊಡಿಗೆಯ ಕಡೆಗೂ ತಿರುಗಿಸಲಿ.